ದೂರದೇಶಕ್ಕೆ ದತ್ತುಹೋದ ಮಗುವೂ ಹೆತ್ತ ಮನೆಯೂ

(ಸಭೆಯವರ ಅಭ್ಯಾಸಕ್ಕಾಗಿ)

ಒಂದು ಕೂಸು ಹುಟ್ಟಿದ ಮನೆಯನ್ನು ಬಿಟ್ಟು ಅನ್ಯ ಜನಾಂಗದವರ ಕೈಯಲ್ಲಿ ಬೆಳೆದು, ದೊಡ್ಡದಾದ ಮೇಲೆ ತನ್ನವರನ್ನು ಹುಡುಕಿಕೊಂಡು ಬರುವ ಸಂಗತಿಯು ನಮಗೆ ಹೊಸದಲ್ಲ. ಮೋಶೆಯ ಚರಿತ್ರೆಯನ್ನು ಬಾಲ್ಯದಲ್ಲಿ ಕೇಳದವರು ನಮ್ಮಲ್ಲಿ ಯಾರು? ಇಬ್ರಿಯರ ಕೂಸು ಐಗುಪ್ತದ ಅರಮನೆಯಲ್ಲಿ ಬೆಳೆಯಿತು. ಫರೋಹನ ಕುಮಾರ್ತೆಯು ಅದಕ್ಕೆ ತಾಯಾದಳು. ಆದರೆ ನಾವು ಪೆಟ್ಟಿಗೆಯನ್ನೂ ನದಿಯನ್ನೂ ನೆನಪಿನಲ್ಲಿಟ್ಟು ಒಂದು ಚಿಕ್ಕ ಸಂಗತಿಯನ್ನು ಮರೆಯುತ್ತೇವೆ. ಅದೇನಂದರೆ, ಕೂಸನ್ನು ಜೊಂಡಿನ ನಡುವೆ ಇಟ್ಟಾಗ ಅದರ ಅಕ್ಕನು ದೂರದಲ್ಲಿ ನಿಂತು ನೋಡುತ್ತಿದ್ದಳು. ಅವಳು ನೋಡುತ್ತಿದ್ದದರಿಂದಲೇ ಹೆತ್ತವಳಿಗೆ ಹಾಲೂಡಿಸುವ ಕೆಲಸವು ದೊರೆಯಿತು; ಮೋಶೆಯು ಪ್ರಾಯಕ್ಕೆ ಬಂದಾಗ ತನ್ನ ಜನರು ಯಾರೆಂಬದನ್ನು ಬಲ್ಲವನಾಗಿದ್ದನು. ಮಗುವು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ಬಲ್ಲ ಒಂದು ಸಾಕ್ಷಿ ಉಳಿಯುವದು ಎಷ್ಟು ದೊಡ್ಡ ವಿಷಯವೆಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

ದತ್ತು ಎಂಬ ಮಾತು ನಮ್ಮ ಸೀಮೆಯಲ್ಲಿ ಬಹು ಹಳೆಯದು. ಸಾಗರ ತಾಲೂಕಿನ ಕೆಳದಿಯಲ್ಲಿ ಮೊದಲುಗೊಂಡ ಅರಸುಮನೆತನದ ಚೆನ್ನಮ್ಮಾಜಿಯು 1672ರಿಂದ 1697ರ ವರೆಗೆ ರಾಜ್ಯವಾಳಿ, ಮಕ್ಕಳಿಲ್ಲದ್ದರಿಂದ ಬಸಪ್ಪ ನಾಯಕನನ್ನು ದತ್ತು ತೆಗೆದುಕೊಂಡಳು. ಈಗ ಹೊಸನಗರ ತಾಲೂಕಿಗೆ ಸೇರಿದ ನಗರದಲ್ಲಿ, ಅಂದರೆ ಹಿಂದಿನ ಬಿದನೂರಿನಲ್ಲಿ, ವೀರಮ್ಮಾಜಿಯೂ ದತ್ತುಮಗನ ಹೆಸರಿನಲ್ಲಿ ಆಳುತ್ತಿರುವಾಗ 1763ರಲ್ಲಿ ಹೈದರಾಲಿಯು ಆ ಪಟ್ಟಣವನ್ನು ಹಿಡಿದನು. ಅರಸುಮನೆಯಲ್ಲಿ ಪಟ್ಟಕ್ಕಾಗಿ ನಡೆದದ್ದೇ ತೀರ್ಥಹಳ್ಳಿಯ ಅಡಿಕೆತೋಟದವರ ಮನೆಯಲ್ಲಿ ತೋಟಕ್ಕಾಗಿಯೂ ಕುಲಕ್ಕಾಗಿಯೂ ನಡೆಯುತ್ತಿತ್ತು. ಇಂಥ ದತ್ತಕದಲ್ಲಿ ಮಗುವಿನ ಹಿತಕ್ಕಿಂತ ಮನೆತನದ ಹಿತವೇ ಮುಂದಾಗಿತ್ತೆಂದು ನಾವು ಎಣಿಸುತ್ತೇವೆ. ಆದರೂ ಅದರಲ್ಲಿ ಒಂದು ಗುಣವಿತ್ತು: ಕೊಟ್ಟ ಮನೆ ಯಾವದು, ಕೊಂಡ ಮನೆ ಯಾವದು ಎಂಬದು ಊರಿಗೆಲ್ಲ ತಿಳಿದಿತ್ತು, ಮಗುವಿಗೂ ತಿಳಿದಿತ್ತು.

ಕಳೆದ ಶತಮಾನದ ಉತ್ತರಾರ್ಧದಲ್ಲಿ ಬೇರೊಂದು ತರದ ದತ್ತು ಆರಂಭವಾಯಿತು. ಹಿಂದೂದೇಶದ ಅನೇಕ ಕೂಸುಗಳು ಸ್ವೀಡನ್, ಹಾಲೆಂಡ್, ಸ್ವಿಟ್ಜರ್ಲೆಂಡ್, ಅಮೇರಿಕ ಮೊದಲಾದ ದೇಶಗಳಿಗೆ ಹೋದವು. ಬಿಳಿಯ ತಂದೆತಾಯಿಗಳು ಅವುಗಳನ್ನು ಪ್ರೀತಿಯಿಂದ ಸಾಕಿದರೆಂಬದರಲ್ಲಿ ಅನೇಕ ಕಡೆ ಸಂಶಯವಿಲ್ಲ. ಆದರೆ ಆ ಕೂಸುಗಳು ಹೇಗೆ ದೊರೆತವೆಂಬದನ್ನು ಯಾರೂ ಸರಿಯಾಗಿ ವಿಚಾರಿಸಲಿಲ್ಲ. ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಇದರಲ್ಲಿ ನಡೆಯುವ ಅನ್ಯಾಯಗಳ ಕುರಿತು ಬರೆದ ಪತ್ರವನ್ನೇ ದಾವೆಯಾಗಿ ಎಣಿಸಿ, ಸುಪ್ರೀಮ್ ಕೋರ್ಟು 1984ರಲ್ಲಿ ಪರದೇಶದ ದತ್ತಿಗೆ ಕಟ್ಟುನಿಟ್ಟಾದ ಕ್ರಮಗಳನ್ನು ವಿಧಿಸಿತು. 1990ರಲ್ಲಿ ಇದಕ್ಕೆಂದೇ ದಿಲ್ಲಿಯಲ್ಲಿ ಒಂದು ಕಚೇರಿ ಸ್ಥಾಪಿತವಾಯಿತು; ಈಗ ಅದಕ್ಕೆ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರವೆಂದು ಹೆಸರು.

ಸ್ವಿಟ್ಜರ್ಲೆಂಡೆಂದರೆ ನಮ್ಮ ಸಭೆಗಳಿಗೆ ಹತ್ತಿರದ ಹೆಸರಲ್ಲವೋ? 1834ರಲ್ಲಿ ಮಂಗಳೂರಿಗೆ ಬಂದ ಮಿಶನರಿಗಳು ಆ ದೇಶದ ಬಾಸೆಲ್ ಪಟ್ಟಣದಿಂದಲೇ ಕಳುಹಿಸಲ್ಪಟ್ಟವರು. ಅದೇ ದೇಶದ ಸರಕಾರವು 2023ರಲ್ಲಿ, ಹಿಂದೂದೇಶವೂ ಸೇರಿದಂತೆ ಹತ್ತು ದೇಶಗಳಿಂದ ಬಂದ ಮಕ್ಕಳ ದತ್ತಿನಲ್ಲಿ ಅಕ್ರಮಗಳು ನಡೆದ ಸೂಚನೆಗಳಿವೆಯೆಂದು ಬಹಿರಂಗವಾಗಿ ಒಪ್ಪಿಕೊಂಡಿತು. ಜೂರಿಕ್ ಮತ್ತು ತುರ್ಗಾವ್ ಪ್ರಾಂತಗಳಿಗೆ 1973 ಮತ್ತು 2002ರ ನಡುವೆ ಹೋದ ಮಕ್ಕಳ 24 ಕಡತಗಳನ್ನು ಪಂಡಿತರು ಶೋಧಿಸಿದಾಗ, ಹೆತ್ತವರ ಒಪ್ಪಿಗೆಪತ್ರವು ಒಂದರಲ್ಲಿಯೂ ಸಿಕ್ಕಲಿಲ್ಲ. ಇಪ್ಪತ್ತನಾಲ್ಕರಲ್ಲಿ ಒಂದೂ ಇಲ್ಲ! ಜೊಂಡಿನ ಬಳಿ ನಿಂತು ನೋಡುವ ಅಕ್ಕನು ಈ ಕೂಸುಗಳಿಗೆ ಇದ್ದಿಲ್ಲ.

ಹೆತ್ತವರಿಂದ ಅಗಲಿ ಬೆಳೆಯುವ ಕಷ್ಟವನ್ನು ಮಿಶನಿನವರು ತಮ್ಮ ಮನೆಗಳಲ್ಲಿಯೇ ಬಲ್ಲವರಾಗಿದ್ದರು. ಇಲ್ಲಿ ಹುಟ್ಟಿದ ಅವರ ಮಕ್ಕಳನ್ನು ವಿದ್ಯೆಗಾಗಿ ಯೂರೋಪಿಗೆ ಕಳುಹಿಸುವದು ರೂಢಿಯಾಗಿತ್ತು. 1853ರಲ್ಲಿ ಬಾಸೆಲಿನಲ್ಲಿ ಅದಕ್ಕೆಂದೇ ಒಂದು ಮನೆ ತೆರೆಯಿತು. ಅದಕ್ಕೂ ಮೊದಲು, ತಲಚೇರಿಯಲ್ಲಿ 1842ರಲ್ಲಿ ಹುಟ್ಟಿದ ಗುಂಡರ್ಟ್ ಪಾದ್ರಿಗಳ ಮಗಳು ಮಾರಿಯು ಎಳೆಯ ಪ್ರಾಯದಲ್ಲಿಯೇ ಅಲ್ಲಿ ಬಿಡಲ್ಪಟ್ಟು, 1857ರಲ್ಲಿ ಪ್ರಾಯದ ಹುಡುಗಿಯಾಗಿ ತಂದೆತಾಯಿಗಳ ಬಳಿಗೆ ತಿರಿಗಿ ಬಂದಳು. (ಹೆರ್ಮನ್ ಹೆಸ್ಸೆ ಎಂಬ ಗ್ರಂಥಕರ್ತನು ಇವಳ ಮಗನು.) ಆಕೆಗೆ ಹೆತ್ತವರ ಹೆಸರೂ ಊರೂ ತಿಳಿದಿದ್ದವು. ಅವು ಕೂಡ ಇಲ್ಲದವನ ಪಾಡೇನು? ಯೂರೋಪಿನಲ್ಲಿ ಅವನ ಮುಖ ನೋಡಿ, ನೀನು ಎಲ್ಲಿಯವನು ಎಂದು ಕೇಳುತ್ತಾರೆ. ಇಲ್ಲಿಗೆ ಬಂದರೆ ಅವನ ಮಾತು ಕೇಳಿ, ನೀನು ಎಲ್ಲಿಯವನು ಎಂದು ಕೇಳುತ್ತಾರೆ.

ಇನ್ನು ನಮ್ಮ ಸಭೆಯವರಿಗೆ ಮುಖ್ಯವಾದ ಒಂದು ಮಾತುಂಟು. 1956ರ ದತ್ತಕ ಕಾಯಿದೆಯು ಹಿಂದೂಗಳಿಗೆ ಮಾತ್ರ ಸಂಬಂಧಿಸಿದ್ದು. ಕ್ರೈಸ್ತರು ಅನಾಥ ಕೂಸನ್ನು ಸಾಕಿದರೆ 1890ರ ಕಾಯಿದೆಯ ಪ್ರಕಾರ ಅದಕ್ಕೆ ಪಾಲಕರಾಗಬಹುದಿತ್ತೇ ಹೊರತು ತಂದೆತಾಯಿಗಳಾಗುವ ಹಾಗಿರಲಿಲ್ಲ. ಪರದೇಶಕ್ಕೆ ಹೋದ ಕೂಸುಗಳನ್ನೂ ಈ ಪಾಲಕರ ಆಜ್ಞೆಯ ಮೇಲೆಯೇ ಕರಕೊಂಡು ಹೋಗಿ, ಅಲ್ಲಿಯ ಕಾಯಿದೆಯಂತೆ ದತ್ತು ಮಾಡಿಕೊಳ್ಳುತ್ತಿದ್ದರು. ಬಾಲನ್ಯಾಯ ಕಾಯಿದೆಯು 2006ರಲ್ಲಿ ತಿದ್ದಲ್ಪಟ್ಟ ಮೇಲೆ ಈ ಕೊರತೆ ನೀಗಿತು. ಯಾವ ಮತದವರಾದರೂ ಆ ಕಾಯಿದೆಯಿಂದ ದತ್ತು ತೆಗೆದುಕೊಳ್ಳಬಹುದೆಂದು ಸುಪ್ರೀಮ್ ಕೋರ್ಟು 2014ರಲ್ಲಿ ಹೇಳಿತು. ಈಗ ನಡೆಯುವದು 2015ರ ಕಾಯಿದೆ.

ಸಾಕಲಾರದ ತಾಯಿಯು ಏನು ಮಾಡಬೇಕು? ಆಸ್ಪತ್ರೆಯ ದಾದಿಗೋ, ಪೇಟೆಯ ಪರಿಚಿತನಿಗೋ, ಮಕ್ಕಳಿಲ್ಲದ ದೂರದ ಬಂಧುವಿಗೋ ಕೂಸನ್ನು ಕತ್ತಲಲ್ಲಿ ಕೊಟ್ಟುಬಿಡುವದು ತಕ್ಕದ್ದಲ್ಲ. ಹಣ ಸೇರಿದರಂತೂ ಅದು ಮಾರಾಟ. ಅದಕ್ಕೆ ಐದು ವರುಷದ ವರೆಗೆ ಸೆರೆವಾಸ ಉಂಟು. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಿ ಒಪ್ಪಿಸುವದೇ ದಾರಿ. 1098 ಎಂಬ ಸಂಖ್ಯೆಗೆ ಫೋನು ಮಾಡಿದರೂ ದಾರಿ ತೋರಿಸುವರು. ಸಮಿತಿಯವರು ಅವಳ ಸಂಗಡ ಮಾತಾಡಿ, ಬೇರೆ ಉಪಾಯವಿಲ್ಲವೆಂದು ಕಂಡ ಮೇಲೆ ಪತ್ರವನ್ನು ಬರೆಯಿಸಿಕೊಳ್ಳುವರು. ಆ ಮೇಲೆಯೂ ಎರಡು ತಿಂಗಳ ಅವಕಾಶವುಂಟು. ಅಷ್ಟರಲ್ಲಿ ಮನಸ್ಸು ತಿರುಗಿದರೆ ಕೂಸನ್ನು ಹಿಂದಕ್ಕೆ ಕೇಳಬಹುದು. ಈ ಎರಡು ತಿಂಗಳ ಸಂಗತಿಯು ನಮ್ಮ ಹಳ್ಳಿಗಳಲ್ಲಿ ಎಷ್ಟು ಮಂದಿ ಹೆಂಗಸರಿಗೆ ತಿಳಿದಿದೆ? ಹೆರಿಗೆಯಾದ ವಾರದಲ್ಲಿ ಭಯದಿಂದಲೂ ನಾಚಿಕೆಯಿಂದಲೂ ಹಾಕಿದ ರುಜುವು ಮರಣದ ಮುದ್ರೆಯಲ್ಲವೆಂದು ಅವರಿಗೆ ಯಾರಾದರೂ ಹೇಳಬೇಡವೇ?

ಈಗ ಹುಡುಕಿಕೊಂಡು ಬರುವವರ ವಿಷಯ. ಈಗಿನ ನಿಯಮಗಳಲ್ಲಿ ಇದಕ್ಕೆ ಸ್ಥಳವುಂಟು. ಹದಿನೆಂಟು ವರುಷ ತುಂಬಿದವರು ತಾವೇ, ತುಂಬದವರು ಸಾಕಿದವರೊಡನೆ ಕೂಡಿ, ದತ್ತು ಕೊಟ್ಟ ಸಂಸ್ಥೆಗೂ ಅಧಿಕಾರಿಗಳಿಗೂ ಬರೆದು ತಮ್ಮ ಮೂಲವನ್ನು ವಿಚಾರಿಸಬಹುದು. ಹೆತ್ತವಳು ತನ್ನ ಹೆಸರನ್ನು ಗುಪ್ತವಾಗಿಡಬೇಕೆಂದು ಕೇಳಿಕೊಂಡಿದ್ದರೆ ಮೊದಲು ಅವಳ ಒಪ್ಪಿಗೆಯನ್ನು ಪಡೆಯಬೇಕು. ಮಗುವಿನ ಹಕ್ಕು ತಾಯಿಯ ಮರೆಯನ್ನು ಒಡೆಯಬಾರದೆಂಬದೇ ನಿಯಮದ ಅಭಿಪ್ರಾಯ.

ಹಳ್ಳಿಯಲ್ಲಿ ನಡೆಯುವದೋ ಬೇರೆ. ಕೈಯಲ್ಲಿ ಹಳೆಯ ಭಾವಚಿತ್ರವನ್ನು ಹಿಡಿದು ಪರದೇಶದ ಬಟ್ಟೆ ತೊಟ್ಟ ಹುಡುಗಿಯೊಬ್ಬಳು ಬಸ್ಸಿನಿಂದ ಇಳಿದಳೆನ್ನೋಣ. ಚಹಾದ ಅಂಗಡಿಯವರು ಚಿತ್ರವನ್ನು ಕೈಯಿಂದ ಕೈಗೆ ದಾಟಿಸುವರು; ಒಬ್ಬನು ಮೂಗನ್ನು ನೋಡಿ ಇದು ಇಂಥವರ ಮನೆಯ ಮೂಗೇ ಎನ್ನುವನು; ಹತ್ತು ಮಂದಿ ಕೂಡಿ ಅವಳನ್ನು ಆ ಅಂಗಳಕ್ಕೆ ಕರೆದೊಯ್ಯುವರು. ಅಲ್ಲಿರುವವಳು ಮೂವತ್ತು ವರುಷದ ಹಿಂದೆ ಮದುವೆಗೆ ಮೊದಲೇ ಹೆತ್ತವಳಾಗಿರಬಹುದು; ಗಂಡನಿಗೆ ತಿಳಿಯದಿರಬಹುದು; ಸೊಸೆಯು ಬಾಗಿಲಲ್ಲಿ ನಿಂತಿರಬಹುದು. ಎಲ್ಲರ ಮುಂದೆ ಅವಳು ನನಗೆ ಇಂಥ ಮಗಳಿಲ್ಲ ಎಂದು ಹೇಳದೆ ಇನ್ನೇನು ಹೇಳಿಯಾಳು? ಸಾವಿರಾರು ಮೈಲಿ ಬಂದ ಹುಡುಗಿ ಆ ಒಂದು ಮಾತನ್ನು ಹೊತ್ತು ಹಿಂದಿರುಗುವಳು. ಇಬ್ಬರೂ ನೊಂದರು, ನೋಯಿಸಿದ್ದು ನೆರೆಯವರ ಉಪಕಾರ.

ಆದಕಾರಣ ಅಂಥವರು ನಮ್ಮ ಊರಿಗೆ ಬಂದರೆ ನೀರು, ಊಟ, ಮಲಗಲು ಚಾಪೆ ಕೊಡೋಣ. ಅವರ ಪತ್ರಗಳನ್ನು ಊರ ಮುಂದೆ ಹರಡದಿರೋಣ. ಶಿವಮೊಗ್ಗದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅವರನ್ನು ಕಳುಹಿಸೋಣ. ಅಲ್ಲಿಯ ಒಬ್ಬ ಹೆಂಗಸು ಏಕಾಂತದಲ್ಲಿ ಹೋಗಿ ಕೇಳಿದರೆ ತಾಯಿಯಾದವಳು ಯೋಚಿಸಲು ನಾಲ್ಕು ದಿನ ತೆಗೆದುಕೊಳ್ಳಬಹುದು. ಮುಖದ ಹೋಲಿಕೆಯನ್ನೇ ನಂಬಬೇಡಿರಿ, ರಕ್ತಸಂಬಂಧವನ್ನು ಡಿ.ಎನ್.ಎ. ಪರೀಕ್ಷೆಯಿಂದ ನಿಶ್ಚಯಿಸಬಹುದು.

ಬಂಧುಗಳು ಮೊದಲು ಹೆದರುವದು ಅಡಿಕೆತೋಟದ ಪಾಲಿಗೆ. ಈಗಿನ ಕಾಯಿದೆಯಂತೆ ದತ್ತುಹೋದ ಮಗುವು ಸಾಕಿದವರ ಮಗುವೇ. ದತ್ತಿಗೆ ಮೊದಲೇ ಅದರ ಹೆಸರಿಗೆ ಬಂದ ಸೊತ್ತಿನ ಹೊರತು ಹೆತ್ತ ಮನೆಯ ಸಂಬಂಧವು ಕಾಯಿದೆಯಲ್ಲಿ ಕಡಿಯುತ್ತದೆ. ಬಂದವರು ಕೇಳುವದು ಹೆಚ್ಚಾಗಿ ಬೇರೆ: ನನ್ನನ್ನು ಯಾಕೆ ಕೊಟ್ಟಿರಿ? ನನಗೆ ಒಡಹುಟ್ಟಿದವರು ಇದ್ದಾರೋ? ನಿಮ್ಮ ಮನೆಯಲ್ಲಿ ಸಕ್ಕರೆರೋಗ ಉಂಟೋ?

ಊರನ್ನು ಗುರುತಿಸುವದರಲ್ಲಿ ನಮ್ಮ ಹಿರಿಯರು ನಿಜವಾಗಿ ಸಹಾಯ ಮಾಡಬಲ್ಲರು. ಹಳೆಯ ಪತ್ರದಲ್ಲಿ ಜಿಲ್ಲೆಯ ಹೆಸರು ಶಿಮೊಗ್ಗ ಎಂದಿರುವದು. ಅದು 2014ರಲ್ಲಿ ಬದಲಾಯಿತು. ಹೊಸಳ್ಳಿ ಎಂಬ ಊರು ಎಲ್ಲಿ ಇಲ್ಲ? ಮಲೆನಾಡಿನ ಹಳ್ಳಿಗರಲ್ಲಿ ಹಲವರಿಗೆ ಕುಲನಾಮವೇ ಇಲ್ಲದ್ದರಿಂದ ಪರದೇಶದ ಗುಮಾಸ್ತನು ಊರ ಹೆಸರನ್ನೇ ಮನೆತನವೆಂದು ಬರೆದಿರಬಹುದು. ಹೆತ್ತವಳ ತವರೂರೇ ಮುಳುಗಿರಲೂ ಬಹುದು. ಯಾಕಂದರೆ ಲಿಂಗನಮಕ್ಕಿಯಲ್ಲಿ ಶರಾವತಿಗೆ 1964ರಲ್ಲಿ ಮುಗಿದ ಅಣೆಕಟ್ಟಿನಿಂದ ಸಾಗರ ಹೊಸನಗರಗಳ ಬಹಳ ಹಳ್ಳಿಗಳು ನೀರಿನ ಕೆಳಗೆ ಹೋದವು. ಯಾವ ಊರಿನವರು ಎದ್ದು ಎಲ್ಲಿ ನೆಲೆಸಿದರೆಂಬದು ಎಪ್ಪತ್ತು ದಾಟಿದ ಅಜ್ಜಿಯರ ಬಾಯಲ್ಲಿ ಇನ್ನೂ ಉಂಟು. ಅದನ್ನು ಅಧಿಕಾರಿಗೆ ಹೇಳಿ ಸುಮ್ಮನಿರುವದು ದೊಡ್ಡ ಉಪಕಾರ.

ತಾಯಿಯು ಕಾಣಲೊಲ್ಲೆನೆಂದರೆ ಅವಳನ್ನು ಬಲವಂತ ಮಾಡುವ ಹಾಗಿಲ್ಲ. ಆಗಲೂ ಮಗುವು ಬರಿಗೈಯಲ್ಲಿ ಹೋಗಬೇಕಾಗಿಲ್ಲ. ಯಾವ ಸ್ಥಿತಿಯಲ್ಲಿ ಯಾವ ಕಾರಣದಿಂದ ತನ್ನನ್ನು ಒಪ್ಪಿಸಿದರೆಂಬದನ್ನು ಅದಕ್ಕೆ ತಿಳಿಸಬೇಕೆಂದು ನಿಯಮವುಂಟು. ಬಂದವರು ಒಂದು ಕಾಗದವನ್ನೂ ತಮ್ಮ ವಿಳಾಸವನ್ನೂ ಆ ಸಂಸ್ಥೆಯ ಕಡತದಲ್ಲಿ ಇಟ್ಟುಹೋಗುವದು ಒಳ್ಳೇದು. ಗಂಡನು ತೀರಿಕೊಂಡ ಮೇಲೆಯೋ ಮಕ್ಕಳು ಬೇರೆಯಾದ ಮೇಲೆಯೋ ಅವಳು ಒಂದು ದಿನ ಬಸ್ಸು ಹತ್ತಿ ಆ ಕಚೇರಿಗೆ ಹೋಗಿ ಕೇಳಿಯಾಳು.