ಮುಖದ ಬಂಗು: ಗಿಡಮೂಲಿಕೆ ಕ್ರೀಮ್ ಒಂದೇ ಸಾಕೇ?

ಕೆನ್ನೆ, ಹಣೆ, ಮೂಗು, ಮೇಲ್ದುಟಿಗಳ ಮೇಲೆ ಹರಡುವ ಕಂದು ಕಲೆಗೆ ಬಂಗು ಎನ್ನುತ್ತಾರೆ. ಇದು ಅಂಟುರೋಗವಲ್ಲ. ರಕ್ತ ಕೆಟ್ಟು ಬರುವುದೂ ಅಲ್ಲ. ಆದರೂ ಇದರಿಂದ ನೊಂದು, ಕೈಗೆ ಸಿಕ್ಕ ಕ್ರೀಮ್ ಹಚ್ಚಿ ಮುಖ ಕೆಡಿಸಿಕೊಳ್ಳುವವರು ಬಹಳ. ಆದ್ದರಿಂದ ಮುಂದಿನ ವಿಷಯಗಳನ್ನು ತಿಳಿದುಕೊಳ್ಳಿ.

ಬಂಗು ಏಕೆ ಬರುತ್ತದೆ?

ಚರ್ಮಕ್ಕೆ ಬಣ್ಣ ಕೊಡುವ ವಸ್ತು ಮೆಲನಿನ್. ಬಿಸಿಲು ಬಿದ್ದಾಗ ಚರ್ಮವು ತನ್ನ ರಕ್ಷಣೆಗಾಗಿ ಅದನ್ನು ಹೆಚ್ಚು ತಯಾರಿಸುತ್ತದೆ. ಗರ್ಭಿಣಿಯರು, ಗರ್ಭನಿರೋಧಕ ಮಾತ್ರೆ ಸೇವಿಸುವವರು, ಮನೆತನದಲ್ಲಿ ಬಂಗು ಇರುವವರು, ಇವರಲ್ಲಿ ಇದು ಬೇಗ ಕಾಣಿಸಿಕೊಳ್ಳುತ್ತದೆ. ಬಿಸಿಲನ್ನು ತಡೆಯದೆ ಯಾವ ಔಷಧಿ ಹಚ್ಚಿದರೂ ಬಂಗು ಮರಳಿ ಬರುತ್ತದೆ.

ಗಿಡಮೂಲಿಕೆಗಳಿಂದ ಉಪಯೋಗವಿದೆಯೇ?

• ಅತಿಮಧುರ (ಜ್ಯೇಷ್ಠಮಧು): ಇದರ ಬೇರಿನಲ್ಲಿರುವ ಗ್ಲಾಬ್ರಿಡಿನ್ ಮೆಲನಿನ್ ತಯಾರಿಕೆಯನ್ನು ಕಡಿಮೆ ಮಾಡುತ್ತದೆ. ಇದು ಸೇರಿದ ಕ್ರೀಮ್‌ನಿಂದ ಸ್ವಲ್ಪ ಅನುಕೂಲವಾಗಬಹುದು. ಗುಣ ಕಾಣಲು ತಿಂಗಳುಗಳೇ ಬೇಕು.
• ಲೋಳೆಸರ, ಅರಿಶಿನ, ಕೊಬ್ಬರಿ ಎಣ್ಣೆ: ಲೋಳೆಸರ, ಎಣ್ಣೆಗಳು ಚರ್ಮವನ್ನು ಮೃದುವಾಗಿಡುತ್ತವೆ. ಆದರೆ ಈ ಮೂರೂ ಬಿಸಿಲನ್ನು ತಡೆಯಲು ಸಾಲವು.
• ನಿಂಬೆರಸ: ಮುಖಕ್ಕೆ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಇನ್ನಷ್ಟು ಕಪ್ಪಾಗುತ್ತದೆ. ಹಚ್ಚಬೇಡಿ.
• ಬಾವಂಚಿ: ಇದು ತೊನ್ನಿಗೆ ಬಳಸುವ ಬೀಜ. ಬಿಸಿಲಿನೊಡನೆ ಸೇರಿ ಬಣ್ಣ ಹೆಚ್ಚಿಸುವುದೇ ಇದರ ಗುಣ. ಬಂಗಿಗೆ ಕೂಡದು.

ಯಾವುದೇ ಹೊಸ ಕ್ರೀಮನ್ನು ಮೊದಲು ಮೊಣಕೈ ಒಳಭಾಗಕ್ಕೆ ಹಚ್ಚಿ ಎರಡು ದಿನ ನೋಡಿ. ತುರಿಕೆ, ಉರಿ ಬಂದರೆ ಬಿಡಿ.

ಬಿಸಿಲು ತಡೆಯುವುದು ಹೇಗೆ?

1. ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಆದಷ್ಟು ನೆರಳಿನಲ್ಲಿರಿ. ಹೊಲದ ಕೆಲಸ ತಪ್ಪಿಸಲಾಗದಿದ್ದರೆ ಅಗಲ ಅಂಚಿನ ಟೋಪಿ ಹಾಕಿ, ಇಲ್ಲವೇ ಸೆರಗು, ಟವೆಲ್ ಹಣೆಯ ಮುಂದೆ ಬರುವಂತೆ ಹೊದೆಯಿರಿ. ಇದಕ್ಕೆ ಖರ್ಚಿಲ್ಲ.
2. ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನನ್ನು ಹೊರಡುವ 15 ನಿಮಿಷ ಮೊದಲು ಹಚ್ಚಿ. ಮುಖ, ಕುತ್ತಿಗೆಗೆ ಎರಡು ಬೆರಳಿನುದ್ದ ಕ್ರೀಮ್ ಬೇಕು. ಹೊರಗಿದ್ದರೆ 2 ಗಂಟೆಗೊಮ್ಮೆ ಮತ್ತೆ ಹಚ್ಚಿ.
3. ಕಣ್ಣಿಗೆ ಕಾಣುವ ಬೆಳಕಿನಿಂದಲೂ ಬಂಗು ಹೆಚ್ಚುತ್ತದೆ. ಆದ್ದರಿಂದ ಐರನ್ ಆಕ್ಸೈಡ್ ಸೇರಿದ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಉತ್ತಮ.

ಎಚ್ಚರಿಕೆ

"ಶುದ್ಧ ಹರ್ಬಲ್, ಒಂದೇ ವಾರದಲ್ಲಿ ಬಿಳುಪು" ಎಂಬ ಕ್ರೀಮನ್ನು ನಂಬಬೇಡಿ. ಅದರಲ್ಲಿ ಸ್ಟೀರಾಯ್ಡ್ ಅಥವಾ ಪಾದರಸ ಬೆರೆತಿರಬಹುದು. ಬೀಟಾಮೆಥಸೋನ್, ಮೊಮೆಟಾಸೋನ್, ಕ್ಲೊಬೆಟಸಾಲ್ ಎಂಬ ಹೆಸರುಗಳು ಟ್ಯೂಬಿನ ಮೇಲಿದ್ದರೆ ಅದು ಸ್ಟೀರಾಯ್ಡ್. ಮೊದಲು ಮುಖ ಬೆಳ್ಳಗಾದಂತೆ ಕಂಡು, ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ, ಕೂದಲು ಬರುತ್ತವೆ. ಇಂತಹ ಅನೇಕ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲಿ ಸರ್ಕಾರ ನಿಯಮ ಮಾಡಿದೆ. ಈಗಾಗಲೇ ಬಹಳ ದಿನದಿಂದ ಹಚ್ಚುತ್ತಿದ್ದರೆ ತಾವಾಗಿಯೇ ನಿಲ್ಲಿಸದೆ, ಆ ಟ್ಯೂಬನ್ನೇ ತಂದು ಚರ್ಮವೈದ್ಯರಿಗೆ ತೋರಿಸಿ. ಗರ್ಭಿಣಿಯರು ವೈದ್ಯರನ್ನು ಕೇಳದೆ ಬಂಗಿನ ಔಷಧಿ ಹಚ್ಚಬಾರದು.

ಮನೆಯವರಲ್ಲಿ ಒಂದು ಮಾತು: ಬಂಗು ಇರುವವರನ್ನು ಹಂಗಿಸಬೇಡಿ. ಹೊರಗೆ ಹೊರಟಾಗ ಕೊಡೆ ಕೈಗೆ ಕೊಡಿ.