ಒಮ್ಮೆ ಬರೆ, ನೂರು ಸಲ ಅಂಟಿಸು: ಕ್ಯೂಬೇಸಿಕ್ ಚಿತ್ರಸೂತ್ರಗಳು

1991ರಲ್ಲಿ ಎಂಎಸ್-ಡಾಸ್ 5.0 ಜೊತೆ ಬಂದ ಕ್ಯೂಬೇಸಿಕ್ ಈಗಲೂ ಡಾಸ್‌ಬಾಕ್ಸ್‌ನಲ್ಲಿ ಸಲೀಸಾಗಿ ಓಡುತ್ತದೆ. ಅದರಲ್ಲಿ ಆಟ ಬರೆಯಹೊರಟವರು ಚಿತ್ರ ಬಿಡಿಸುವಾಗ ಅಷ್ಟಾಗಿ ಎಡವುವುದಿಲ್ಲ. ಬಿಡಿಸಿದ್ದನ್ನು ಕೂಡಿಟ್ಟು ಮತ್ತೆ ತೋರಿಸುವಾಗ ತಬ್ಬಿಬ್ಬಾಗುತ್ತಾರೆ.

1. ಅದೇ ಗೊಂಬೆಗೆ ಪ್ರತಿ ಸಲ ಲೈನ್, ಸರ್ಕಲ್, ಪೇಂಟ್ ಎಂದು ಹೆಣಗಬೇಡಿ. ಒಮ್ಮೆ ಬರೆದು, ಅದರ ಸುತ್ತಲಿನ ಚೌಕವನ್ನು ಗೆಟ್ ಮೂಲಕ ಅರೇಗೆ ತುಂಬಿಕೊಳ್ಳಿ. ಆಮೇಲೆ ರಂಗೋಲಿ ಅಚ್ಚು ಒತ್ತಿದ ಹಾಗೆ, ಬೇಕಾದಲ್ಲೆಲ್ಲ ಪುಟ್.

2. ಸ್ಕ್ರೀನ್ ಮೋಡ್ ಮೊದಲೇ ಗೊತ್ತುಮಾಡಿಕೊಳ್ಳಿ. ಆಟಕ್ಕೆ 13 ಒಳ್ಳೆಯದು: 320×200 ಚುಕ್ಕಿ, 256 ಬಣ್ಣ. ಮೋಡ್ 12ರಲ್ಲಿ 640×480 ಚುಕ್ಕಿ ಸಿಕ್ಕರೂ ಬಣ್ಣ 16 ಮಾತ್ರ. ಒಂದರಲ್ಲಿ ಕೂಡಿಟ್ಟ ಚಿತ್ರ ಇನ್ನೊಂದರಲ್ಲಿ ಬರೀ ಕಸವಾಗಿ ಕಾಣುತ್ತದೆ.

3. ಅರೇ ಅಳತೆಯನ್ನು ಅಂದಾಜಿನಲ್ಲಿ ಇಡಬೇಡಿ, ಲೆಕ್ಕ ಹಾಕಿ. ಮೋಡ್ 13ರಲ್ಲಿ ಒಂದು ಚುಕ್ಕಿಗೆ ಒಂದು ಬೈಟ್. 16×16 ಚಿತ್ರಕ್ಕೆ 256 ಬೈಟ್, ಅಗಲ-ಎತ್ತರ ಬರೆದಿಡಲು ಇನ್ನೂ 4, ಒಟ್ಟು 260. ಒಂದು ಇಂಟಿಜರ್‌ಗೆ 2 ಬೈಟ್ ಆದ್ದರಿಂದ 130 ಮನೆ ಬೇಕು. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಡಿಮ್‌ನಲ್ಲಿ 129 ಎಂದು ಬರೆದರೆ ಸಾಕು. ಅದೇ ಚಿತ್ರಕ್ಕೆ ಮೋಡ್ 12ರಲ್ಲಿ 132 ಬೈಟ್ ಸಾಲುತ್ತದೆ. ಅನುಮಾನ ಬಂದರೆ ಅರೇಯ ಮೊದಲ ಮನೆ ಪ್ರಿಂಟ್ ಮಾಡಿ ನೋಡಿ. ಮೋಡ್ 13ರಲ್ಲಿ ಅಲ್ಲಿರುವುದು ಅಗಲದ ಎಂಟು ಪಟ್ಟು, ಅಂದರೆ 128.

4. ಪುಟ್‌ನ ಕೊನೆಯ ಪದವನ್ನು ಎಂದೂ ಬಿಡಬೇಡಿ. ಬಿಟ್ಟರೆ ಬೇಸಿಕ್ ಎಕ್ಸಾರ್ ಎಂದೇ ತಿಳಿಯುತ್ತದೆ. ಕಪ್ಪು ನೆಲದ ಮೇಲೆ ಚಿತ್ರ ಸರಿಯಾಗಿಯೇ ಬರುವುದರಿಂದ ತಪ್ಪು ಗೊತ್ತಾಗುವುದಿಲ್ಲ. ಹಸಿರು ಹುಲ್ಲಿನ ಮೇಲೆ ಇಟ್ಟಾಗ ಬಣ್ಣವೆಲ್ಲ ಕಲಸುಮೇಲೋಗರ. ಇದ್ದದ್ದು ಇದ್ದ ಹಾಗೇ ಬೇಕೆಂದರೆ ಪಿಸೆಟ್.

5. ಪಿಸೆಟ್ ಚಿತ್ರದ ಸುತ್ತಲಿನ ಕಪ್ಪು ಚೌಕವನ್ನೂ ಎಳೆದು ತರುತ್ತದೆ. ಅದಕ್ಕೆ ಮದ್ದು ಮಾಸ್ಕ್: ಗೊಂಬೆಯ ಜಾಗದಲ್ಲಿ 0, ಸುತ್ತಲೂ 255 ಇರುವ ಎರಡನೇ ಚಿತ್ರ. ಮೊದಲು ಮಾಸ್ಕನ್ನು ಆಂಡ್‌ನಲ್ಲಿ ಇಡಿ, ನೆಲದಲ್ಲಿ ಗೊಂಬೆಯ ಆಕಾರದ ಗುಂಡಿ ಬೀಳುತ್ತದೆ. ಆ ಗುಂಡಿಗೆ ಗೊಂಬೆಯನ್ನು ಆರ್‌ನಲ್ಲಿ ಇಳಿಸಿ. ಕ್ರಮ ತಿರುವುಮುರುವಾದರೆ ಗೊಂಬೆಯೇ ಮಾಯ.

6. ಇಡುವ ಮುಂಚೆ ಅಲ್ಲಿನ ನೆಲವನ್ನು ಗೆಟ್ ಮಾಡಿಟ್ಟುಕೊಳ್ಳಿ, ಸರಿಸುವಾಗ ಪಿಸೆಟ್‌ನಿಂದ ವಾಪಸ್ ಹಾಕಿ. ಗೊಂಬೆಗಳು ಹಲವಿದ್ದರೆ ಕೊನೆಗೆ ಇಟ್ಟದ್ದನ್ನು ಮೊದಲು ತೆಗೆಯಿರಿ.

7. ಅಂಚು ದಾಟಬೇಡಿ. ಚಿತ್ರದ ಒಂದೇ ಒಂದು ಚುಕ್ಕಿ ಪರದೆಯ ಹೊರಗೆ ಹೋದರೂ ‘ಇಲ್ಲೀಗಲ್ ಫಂಕ್ಷನ್ ಕಾಲ್’. ಮೋಡ್ 13ರಲ್ಲಿ 16 ಅಗಲದ ಚಿತ್ರಕ್ಕೆ ಎಡದಿಂದ 304 ಕೊನೆಯ ಗಡಿ.

8. ಚಿತ್ರ ಮಿಣುಕುತ್ತಿದ್ದರೆ ಅಳಿಸುವ ಮುಂಚೆ ‘ವೇಟ್ 986, 8’ ಹಾಕಿ. ಮಾನಿಟರ್ ಒಂದು ಸುತ್ತು ಮುಗಿಸುವವರೆಗೆ ಪ್ರೋಗ್ರಾಂ ಕಾಯುತ್ತದೆ. 16 ಬಣ್ಣ ಸಾಕೆನ್ನುವವರು ಮೋಡ್ 7ಕ್ಕೆ ಹೋಗಿ, ಮರೆಯ ಪುಟದಲ್ಲಿ ಬರೆದು ಪಿಕಾಪಿ ಮಾಡುವುದು ಇನ್ನೂ ಚೊಕ್ಕ.

9. ಸಿದ್ಧವಾದ ಅರೇಯನ್ನು ಬಿಸೇವ್‌ನಿಂದ ಡಿಸ್ಕ್‌ಗೆ ಹಾಕಿ, ಬಿಲೋಡ್‌ನಿಂದ ತರಿಸಿ. ಮೋಡ್ 13ರ ಇಡೀ ಪರದೆ ಬೇಕಿದ್ದರೆ ಡೆಫ್ ಸೆಗ್ 40960, ಉದ್ದ 64000. ಬಣ್ಣದ ಪ್ಯಾಲೆಟ್ ಮಾತ್ರ ಇದರ ಜೊತೆ ಬರುವುದಿಲ್ಲ. ಬದಲಾಯಿಸಿಕೊಂಡಿದ್ದರೆ ಆ 768 ಅಂಕಿಗಳನ್ನು ಬೇರೆ ಫೈಲಿನಲ್ಲಿ ಇಡಿ.

10. ಕ್ಯೂಬೇಸಿಕ್ ಜೊತೆಗೇ ಬಂದ ಗೊರಿಲ್ಲಾ ಆಟದ ಕೋಡ್ ಓದಿ. ಗೊರಿಲ್ಲಾವನ್ನು ಮೂರು ಭಂಗಿಯಲ್ಲಿ ಒಂದೊಂದು ಸಲ ಬರೆದು ಗೆಟ್ ಮಾಡಿಕೊಂಡಿದ್ದಾರೆ. ಬಾಳೆಹಣ್ಣನ್ನಂತೂ ಗೀಚಿಯೇ ಇಲ್ಲ, ಡೇಟಾ ಸಾಲಿನ ಅಂಕಿಗಳಿಂದ ನೇರವಾಗಿ ಅರೇಗೆ ತುಂಬಿದ್ದಾರೆ. ಹಾರುವ ಹಣ್ಣನ್ನು ಪಿಸೆಟ್‌ನಲ್ಲಿ ಇಟ್ಟು ಎಕ್ಸಾರ್‌ನಲ್ಲಿ ಅಳಿಸುತ್ತಾರೆ. ಆಕಾಶ ನೀಲಿಯಾಗಿ ಕಂಡರೂ ಅದು 0ನೇ ಬಣ್ಣವೇ, ಪ್ಯಾಲೆಟ್ಟಿನಲ್ಲಿ ನೀಲಿ ಮಾಡಿರುವುದಷ್ಟೇ. ಹಾಗಾಗಿ ಅಲ್ಲಿ ಮಾಸ್ಕ್ ಬೇಕಾಗಲೇ ಇಲ್ಲ.