ಅಡೆ ಹಾಕಿದ ಬಾದಾಮಿ

ವೇಪನಹಳ್ಳಿ ಕಡೆಯ ನಮ್ಮ ತೋಟದ ತೋತಾಪುರಿ ಮಾವು ಸೀದಾ ಕೃಷ್ಣಗಿರಿಯ ಪಲ್ಪ್ ಕಾರ್ಖಾನೆಗೆ ಹೋಗಿಬಿಡುತ್ತದೆ. ಕೊಳೆಯುವಷ್ಟು ದಿನ ನಮ್ಮ ಹತ್ತಿರ ಉಳಿಯುವುದೇ ಇಲ್ಲ. ತಲೆನೋವು ಬಾದಾಮಿಯದು. ಹುಲ್ಲಿನಲ್ಲಿ ಅಡೆ ಹಾಕಿ, ಹಣ್ಣು ಮಾಡಿ, ಹೊಸೂರು ದಾಟಿಸಿ ಬೆಂಗಳೂರಿಗೆ ಸಾಗಿಸುವುದು ಅಪ್ಪನ ಕಾಲದ ರೂಢಿ. ಒಂದು ವರ್ಷ ನಲವತ್ತು ಕ್ರೇಟು ಅಡೆ ಹಾಕಿದ್ದೆ. ಐದನೇ ದಿನ ಹುಲ್ಲು ಸರಿಸಿದರೆ ಹುಳಿ ವಾಸನೆ ಮೂಗಿಗೆ ಬಡಿಯಿತು. ಹದಿನಾಲ್ಕು ಕ್ರೇಟು ತಿಪ್ಪೆ ಸೇರಿತು. ಇಡುವಾಗ ಒಂದು ಕಾಯಿಯ ಮೇಲೂ ಕಲೆ ಇರಲಿಲ್ಲ, ದೇವರಾಣೆ.

ಹುಲ್ಲನ್ನು ಬೈದೆ, ಕೋಣೆಯನ್ನು ಬೈದೆ, ಗೋಡೆಗೆ ಸುಣ್ಣ ಬಳಿಸಿದೆ. ಮರುವರ್ಷವೂ ಅದೇ ಕಥೆ. ಆಮೇಲೆ ತಿಳಿಯಿತು, ಕೋಣೆಯದೇನೂ ತಪ್ಪಿಲ್ಲ. ಚಿಬ್ಬು ರೋಗದ ಶಿಲೀಂಧ್ರ ಹೂವಿಗೂ ಪೀಚುಕಾಯಿಗೂ ತಗುಲಿ, ಸಿಪ್ಪೆಯಲ್ಲಿ ಸದ್ದಿಲ್ಲದೆ ಕೂತಿರುತ್ತದಂತೆ. ಹಸಿ ಕಾಯಿಯ ಸಿಪ್ಪೆಯಲ್ಲಿ ಅದನ್ನು ತಡೆಯುವ ರಾಸಾಯನಿಕಗಳಿವೆ. ಹಣ್ಣಾಗುತ್ತಾ ಅವು ಇಳಿದಾಗ ಕಳ್ಳ ಎದ್ದು ಬರುತ್ತಾನೆ. ನಾನು ಜೂನ್‌ನಲ್ಲಿ ಹುಡುಕುತ್ತಿದ್ದದ್ದು ಜನವರಿಯಲ್ಲೇ ಒಳಗೆ ಬಂದಿತ್ತು!

ಈ ರೋಗಕ್ಕೆ ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಸೂಡೊಮೊನಾಸ್ ಫ್ಲೋರೆಸೆನ್ಸ್, ಎಫ್‌ಪಿ 7 ತಳಿ. ಅಕ್ಟೋಬರ್‌ನಿಂದ ಮೂರು ವಾರಕ್ಕೊಮ್ಮೆ, ಐದರಿಂದ ಏಳು ಸಲ, ಹೂ ಬಿಡುವ ಕೊಂಬೆಗಳು ನೆನೆಯುವಂತೆ ಸಿಂಪಡಣೆ. ಬೇರಿನ ಸುತ್ತಲ ಮಣ್ಣಿನಲ್ಲಿ ಬದುಕುವ ಬ್ಯಾಕ್ಟೀರಿಯಾ ಅದು. ಶಿಲೀಂಧ್ರಕ್ಕೆ ಬೇಕಾದ ಕಬ್ಬಿಣದ ಅಂಶವನ್ನು ತಾನೇ ಕಸಿದುಕೊಳ್ಳುತ್ತದೆ, ಅದರ ಕೋಶದ ಗೋಡೆ ಕರಗಿಸುವ ಕಿಣ್ವ ಬಿಡುತ್ತದೆ, ಮರದ ಸ್ವಂತ ರೋಗನಿರೋಧಕ ಶಕ್ತಿಯನ್ನೂ ಎಚ್ಚರಿಸುತ್ತದೆ.

ಮೊದಲ ವರ್ಷ ನಾನು ಮಾಡಿದ ಜಾಣತನ ಕೇಳಿ. ಕೂಲಿ ಉಳಿಯಲೆಂದು ಸೂಡೊಮೊನಾಸ್ ಕಲಸಿದ ಡ್ರಮ್ಮಿಗೇ ಶಿಲೀಂಧ್ರನಾಶಕ ಕಾಪರ್ ಆಕ್ಸಿಕ್ಲೋರೈಡನ್ನೂ ಸುರಿದೆ. ತಾಮ್ರ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಮರಕ್ಕೆ ನಾನು ಹೊಡೆದದ್ದು ಬ್ಯಾಕ್ಟೀರಿಯಾ ಬೆರೆಸಿ ಮಾರುವ ಟಾಲ್ಕ್ ಪುಡಿ ಮಾತ್ರ. ಉಳಿದ ಪೊಟ್ಟಣಗಳನ್ನು ತಗಡಿನ ಶೀಟಿನ ಕೆಳಗೆ ಇಟ್ಟು ಬೇಯಿಸಿದ್ದೆ, ಅದು ಬೇರೆ. ಜೀವ ಇರುವ ಔಷಧಿಯನ್ನು ಗೊಬ್ಬರದ ಮೂಟೆಯಂತೆ ನೋಡಿಕೊಂಡರೆ ಇನ್ನೇನಾಗುತ್ತದೆ?

ಈಗ ಬಿಸಿಲು ಇಳಿದ ಮೇಲೆ, ಲೀಟರಿಗೆ ಐದು ಗ್ರಾಂ, ಬೇರೇನೂ ಬೆರೆಸದೆ. ಕಳೆದ ಸಲ ನಲವತ್ತರಲ್ಲಿ ಮೂರು ಕ್ರೇಟು ಹೋಯಿತು. ಆ ಮೂರರಲ್ಲಿ ಹೆಚ್ಚಿನದು ತೊಟ್ಟು ಕೊಳೆತದ್ದು, ದೋಟಿಯಲ್ಲಿ ಜಗ್ಗಿದಾಗ ತೊಟ್ಟು ಕಿತ್ತುಬಂದ ಕಾಯಿಗಳು. ಅದಕ್ಕೆ ಸೂಡೊಮೊನಾಸ್ ಏನು ಮಾಡೀತು? ಈಗ ಚಿಕ್ಕ ತೊಟ್ಟು ಉಳಿಸಿ ಕತ್ತರಿಸಲು ಹೇಳಿದ್ದೇನೆ.

ಪುಡಿ ಕೊಳ್ಳುವವರು ಪೊಟ್ಟಣದ ಮೇಲಿನ ತಯಾರಿಕೆಯ ತಾರೀಖು ನೋಡಿಯೇ ದುಡ್ಡು ಕೊಡಿ.